ಟೇಲರಮ್ಮನ ಮುನ್ನೂರ ಹನ್ನೆರಡು ಮಾತು

ಅವನಿಗೆ ಬಿಚ್ಚಪ್ಪ ಎಂದು ಹೆಸರಿಟ್ಟವಳು ಅವನ ಹೆಂಡತಿಯೇ. ಮದುವೆಯಾದ ಹೊಸತರಲ್ಲಿ, ಅವಳ ತವರಿನಿಂದ ಬಂದಿದ್ದ ಗೋಡೆ ಗಡಿಯಾರವನ್ನು, ಅದೂ ಚೆನ್ನಾಗಿ ಓಡುತ್ತಿದ್ದುದನ್ನು, "ಒಳಗೆ ಹೇಗಿದೆ ಅಂತ ನೋಡ್ತೀನಿ ಅಷ್ಟೇ" ಎಂದು ಬಿಚ್ಚಿ ಹಾಸಿಗೆಯ ತುಂಬ ಹರವಿಕೊಂಡು ಕೂತಿದ್ದ. ಅವಳು ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. "ಏನ್ರೀ ಬಿಚ್ಚಪ್ಪನವರೇ, ಜೋಡಿಸೋಕೂ ಬರುತ್ತೋ, ಇಲ್ಲ ಬರೀ ಬಿಚ್ಚೋದೊಂದೇನೋ?" ಎಂದಳು. ಅವಳ ಮಾತು ಆಗೆಲ್ಲ ಬೀದಿಯ ತಿರುವಿನ ತನಕ ಕೇಳಿಸುತ್ತಿತ್ತು. ಸಂಜೆಯ ಹೊತ್ತಿಗೆ ಬೀದಿಗೆ ಬೀದಿಯೇ ಅವನನ್ನು ಬಿಚ್ಚಪ್ಪ ಎನ್ನತೊಡಗಿತು.

ಜೋಡಿಸೋಕೂ ಬರುತ್ತಿತ್ತು ಬಿಡಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೋ, ಏನು ಬಂದರೂ ಸೈ. ಬಿಚ್ಚಿದ ಸ್ಕ್ರೂಗಳನ್ನು ಹಳೆಯ ಡಬ್ಬಿ ಮುಚ್ಚಳಗಳಲ್ಲಿ, ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತಿದ್ದ. ಇನ್ನೊಂದು ನಿಯಮ ಅದಕ್ಕಿಂತ ದೊಡ್ಡದು: ಹೊಸ ಭಾಗ ಕೂತು ಓಡುವವರೆಗೆ ಹಳೆಯ ಭಾಗ ಕಸಕ್ಕೆ ಹೋಗುವ ಹಾಗಿಲ್ಲ. ಓಡಿದ ಮೇಲೂ ಅದನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡುತ್ತಿದ್ದ. "ಸುಟ್ಟು ಹೋದ ವೈಂಡಿಂಗು ತಗೊಂಡು ನಾನೇನು ಮಾಡ್ಲಪ್ಪಾ?" ಎಂದು ಯಾರಾದರೂ ಕೇಳಿದರೆ, "ಇಟ್ಕೊಳ್ಳಿ ಸ್ವಾಮಿ, ನಿಮ್ಮ ಸಾಮಾನು ನಿಮಗೆ" ಎನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಈ ನಿಯಮ ತಪ್ಪಿದವನಲ್ಲ.

ಒಳಕೋಣೆ ಹೆಂಡತಿಯದು. ಎರಡು ಹೊಲಿಗೆ ಮಿಷನ್ನು, ಒಂದು ಕತ್ತರಿಸುವ ಮೇಜು, ಗೋಡೆಯ ತುಂಬ ಮೊಳೆಗೆ ತೂಗಿದ ಅಳತೆಪಟ್ಟಿಗಳು. ಗಿರಾಕಿಗಳಿಗೆ ಅವಳು ಟೇಲರಮ್ಮ. ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು. ಅಂಥವಳ ಗಂಟಲಲ್ಲಿ ಎರಡು ವರ್ಷದ ಹಿಂದೆ ಗಂಟು ಕಾಣಿಸಿತು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯವಿಲ್ಲ, ಆದರೆ ಮಾತು ಮತ್ತೆ ಬರುವುದಿಲ್ಲ ಎಂದರು. ಎರಡು ವಾರದ ಗಡುವು. ಆ ಸಂಜೆ ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಮರುದಿನ ಬೆಳಿಗ್ಗೆ ಎದ್ದು ಕೇಳಿದಳು: "ರೀ, ಮೂಲೇಲಿ ಬಿದ್ದಿದೆಯಲ್ಲ, ಆ ಕಂಪ್ಯೂಟರಲ್ಲಿ ನನ್ನ ಮಾತು ತುಂಬಿಡೋಕೆ ಆಗುತ್ತಾ?"

ಆ ಕಂಪ್ಯೂಟರು ಕಾಲೇಜಿನವರು ಬೇಡವೆಂದು ಬಿಸಾಡಿದ್ದು. ಕೊಡಿಸಿದವರು ಅಲ್ಲಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು, ಬಿಚ್ಚಪ್ಪನ ಹಳೆಯ ಗಿರಾಕಿ. "ಇಷ್ಟು ಹಳೇ ಯಂತ್ರ ನಡೆಸೋಕೆ ಲಿನಕ್ಸ್ ತಂತ್ರಾಂಶವೇ ಸರಿ, ತೂಕ ಕಮ್ಮಿ, ದುಡ್ಡೂ ಕೊಡಬೇಕಿಲ್ಲ" ಎಂದು ಅವರೇ ಹಾಕಿಕೊಟ್ಟಿದ್ದರು. ಈಗ ಟೇಲರಮ್ಮನ ಕಥೆ ಕೇಳಿ ಎರಡು ದಿನ ರಜೆ ಹಾಕಿ ಬಂದರು. ಪರದೆಯ ಮೇಲೆ ಸಾಲಾಗಿ ಗುಂಡಿಗಳು, ಒಂದೊಂದು ಗುಂಡಿ ಒತ್ತಿದರೆ ಒಂದೊಂದು ಮಾತು, ಹಾಗೆ ಮಾಡಿಕೊಟ್ಟರು.

ಎಂಟು ದಿನ ಗಂಡಹೆಂಡತಿ ಬಾಗಿಲು ಹಾಕಿಕೊಂಡು ಮಾತು ತುಂಬಿದರು. "ರೀ, ಊಟಕ್ಕೆ ಬನ್ನಿ." "ತೋಳು ಸ್ವಲ್ಪ ಮೇಲೆತ್ತಿ." "ಗುರುವಾರ ಕೊಡ್ತೀನಿ ಅಂದ್ರೆ ಗುರುವಾರವೇ." "ಏನ್ ಹೊಲಸು ಮಾಡಿದ್ದೀರ್ರೀ ಮನೇನ!" "ಚಿನ್ನಾ, ಅಜ್ಜಿ ಕಣೇ." ಒಟ್ಟು ಮುನ್ನೂರ ಹನ್ನೆರಡು. ಕೊನೆಯದು ಮಾತಲ್ಲ, ಒಂದು ಕಥೆ: ಅಂಗಿಯ ಗುಂಡಿ ನುಂಗಿದ ಆಡಿನ ಕಥೆ, ಅವಳೇ ಕಟ್ಟಿದ್ದು, ಮೊಮ್ಮಗಳಿಗೋಸ್ಕರ.

ಆರನೆಯ ದಿನ ಒಂದು ಪ್ರಸಂಗ ನಡೆಯಿತು. "ಬಾಗಿಲು ಹಾಕ್ಕೊಳ್ಳಿ, ಸೊಳ್ಳೆ ಬರುತ್ತೆ" ಎಂಬುದನ್ನು ತುಂಬಬೇಕಿತ್ತು. ಮೈಕು ಹಿಡಿದಿದ್ದ ಬಿಚ್ಚಪ್ಪ, ವೈರು ಸಾಲದೆ ಹಿಂದೆ ಹಿಂದೆ ಸರಿದು, ನೀರು ತುಂಬಿದ ಬಕೆಟ್ಟಿನಲ್ಲಿ ಧೊಪ್ಪೆಂದು ಕೂತ. ಟೇಲರಮ್ಮ ನಕ್ಕಳು ನೋಡಿ, ಎಂಥ ನಗು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಹತ್ತೊಂಬತ್ತು ಸೆಕೆಂಡು. ಮೈಕು ಆಗ ಚಾಲೂ ಇತ್ತು. ಅದನ್ನು ಮತ್ತೆ ಹಾಕಿ ಕೇಳಿಸಿದರೆ ಅವಳಿಗೆ ನಾಚಿಕೆ. "ಥೂ, ಕತ್ತೆ ಕಿರುಚಿದ ಹಾಗಿದೆ. ಅಳಿಸಿ ಹಾಕ್ರೀ ಅದನ್ನ" ಎಂದಳು. "ಅಳಿಸಿದೆ ಕಣೇ" ಎಂದ ಬಿಚ್ಚಪ್ಪ. ಅಳಿಸಿರಲಿಲ್ಲ. 'ಗ್ಯಾರಂಟಿ ಕಾರ್ಡು' ಎಂಬ ಹೆಸರಿನ ಬೇರೊಂದು ಫೋಲ್ಡರಿನಲ್ಲಿ ಬಚ್ಚಿಟ್ಟ. ಸೊಳ್ಳೆಯ ಮಾತನ್ನು ಅವಳಿಂದ ಮತ್ತೆ ಹೇಳಿಸಿ ತುಂಬಿದ.

ಆಪರೇಷನ್ ಆಯಿತು. ಟೇಲರಮ್ಮ ಉಳಿದಳು. ಕುತ್ತಿಗೆಯ ಕೆಳಗೆ ಉಸಿರಾಡಲು ಒಂದು ಪುಟ್ಟ ತೂತು, ಅದರ ಮೇಲೆ ಉಟ್ಟ ಬಟ್ಟೆಗೆ ಹೊಂದುವಂಥ ಒಂದು ತುಂಡು ಬಟ್ಟೆ, ಅದನ್ನೂ ಅವಳೇ ಹೊಲಿದುಕೊಂಡಳು. ಗುಂಡಿಗೆ ಸಿಗದ ಮಾತಿಗೆ ಸ್ಲೇಟು ಬಳಪ. ಆರು ತಿಂಗಳು ಕಳೆದ ಮೇಲೆ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಾಗ ಆ ಮರಿ ಮೌಸು ಹಿಡಿದು ಆಡುತ್ತಾ ಮಾತುಗಳ ಫೋಲ್ಡರನ್ನೇ ಕಸದ ಬುಟ್ಟಿಗೆ ಎಳೆದು ಹಾಕಿತು. ಸದ್ಯ, ಬುಟ್ಟಿಯಿಂದ ವಾಪಸು ಬಂತು. ಅವತ್ತೇ ಬಿಚ್ಚಪ್ಪ ಕಣ್ಣಿಗೆ ಕಾಣದ ಫೋಲ್ಡರುಗಳನ್ನು ಕಾಣಿಸುವ ಉಪಾಯ ಹುಡುಕಿ, ಯಾರೂ ಕೈ ಹಾಕದ ಒಂದರೊಳಗೆ ಹೆಂಡತಿಯ ಮಾತನ್ನೂ ತನ್ನ ಗ್ಯಾರಂಟಿ ಕಾರ್ಡನ್ನೂ ಸೇರಿಸಿಟ್ಟ. ಗುಂಡಿಗಳಿಗೆ ಹೊಸ ವಿಳಾಸವನ್ನೂ ತಾನೇ ಹೇಳಿಕೊಟ್ಟ. ಮೇಷ್ಟ್ರ ಸಹಾಯವಿಲ್ಲದೆ ಮಾಡಿದೆನಲ್ಲ ಎಂಬ ಜಂಬದಲ್ಲಿ ಅವರಿಗೆ ಹೇಳಲೂ ಇಲ್ಲ.

ಭಾನುವಾರ ಬೆಳಿಗ್ಗೆ ಹೊಲಿದ ಬಟ್ಟೆ ತಲುಪಿಸಲು ಟೇಲರಮ್ಮ ಹೊರಗೆ ಹೋಗುತ್ತಾಳೆ. ಆ ಹೊತ್ತಿನಲ್ಲಿ ಬಿಚ್ಚಪ್ಪ ಕಂಪ್ಯೂಟರಿನ ಮುಂದೆ ಕೂತು ಹತ್ತೊಂಬತ್ತು ಸೆಕೆಂಡು ನಗು ಕೇಳುತ್ತಾನೆ. ಒಂದೇ ಸಲ. ಆಮೇಲೆ ಎದ್ದು ಅಂಗಡಿ ಗುಡಿಸುತ್ತಾನೆ. ಎರಡು ವರ್ಷದಿಂದ ನಡೆದುಬಂದದ್ದು ಇದು.

ಮೊನ್ನೆ ಒಂದು ಭಾನುವಾರವೂ ಹಾಗೇ ಕೂತ. ಪರದೆಯ ಮೂಲೆಯಲ್ಲಿ ಮೂರು ವಾರದಿಂದ ಇಣುಕುತ್ತಿದ್ದ ಚೀಟಿ ಮತ್ತೆ ಬಂತು: ಹೊಸ ಆವೃತ್ತಿ ಸಿದ್ಧವಿದೆ, ಅಪ್‌ಗ್ರೇಡ್ ಮಾಡಲೇ? ಯಾವ ಯಂತ್ರದಲ್ಲೇ ಆಗಲಿ, ಕೆಂಪು ದೀಪ ಉರಿಯುತ್ತಿದ್ದರೆ ಬಹಳ ದಿನ ನೋಡಿಕೊಂಡು ಸುಮ್ಮನಿರುವ ಜಾಯಮಾನ ಅವನದಲ್ಲ. ಗಂಟೆ ಎಂಟೂವರೆ. ಹೆಂಡತಿ ಬರುವುದು ಹತ್ತೂವರೆಗೆ. ಹನ್ನೊಂದಕ್ಕೆ ಸರಿಯಾಗಿ ಮಗಳ ಫೋನು. ಮೊಮ್ಮಗಳಿಗೆ ಆಡಿನ ಕಥೆ ಬೇಕೇ ಬೇಕು. ಬೇಕಾದಷ್ಟು ಹೊತ್ತಿದೆ ಎಂದುಕೊಂಡು 'ಹೌದು' ಒತ್ತಿದ.

ಒಂದು ಗಂಟೆ ಹಿಡಿಯಿತು. ಯಂತ್ರ ತಾನಾಗಿ ಆರಿ ತಾನಾಗಿ ಹೊತ್ತಿಕೊಂಡಿತು. ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು. ಕೊಟ್ಟ. ಪರದೆ ಒಮ್ಮೆ ಕಪ್ಪಾಯಿತು, ಮತ್ತೆ ಹೆಸರು ಕೇಳಿತು. ಬೆರಳು ತಪ್ಪಿರಬೇಕು ಎಂದು ಮತ್ತೆ ಕೊಟ್ಟ. ಕಪ್ಪು. ಮತ್ತೆ ಅದೇ ಹೆಸರು. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟರೆ 'ತಪ್ಪು' ಎನ್ನುತ್ತಿತ್ತು. ಸರಿಯಾದ್ದು ಕೊಟ್ಟರೆ ಏನೂ ಹೇಳದೆ ಹೊರಗೇ ನಿಲ್ಲಿಸುತ್ತಿತ್ತು. ಒಂಬತ್ತು ಸಲ ನೋಡಿದ.

ಬಿಚ್ಚಪ್ಪ ಇನ್ನೇನು ಮಾಡಿಯಾನು? ಬಿಚ್ಚಿದ. ಸ್ಕ್ರೂಗಳು ಎಡದಿಂದ ಬಲಕ್ಕೆ ಮುಚ್ಚಳಗಳಲ್ಲಿ ಕೂತವು. ಧೂಳು ಊದಿದ, ರ‍್ಯಾಮಿನ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ, ವೈರುಗಳನ್ನು ಕಿತ್ತು ಮತ್ತೆ ಒತ್ತಿದ. ಹೊತ್ತಿಸಿದ. ಹೆಸರು ಕೇಳಿತು. ಪಾಸ್‌ವರ್ಡ್. ಕಪ್ಪು. ಹೆಸರು. ಗಡಿಯಾರ ನೋಡಿದ, ಹತ್ತಕ್ಕೆ ಎರಡು ನಿಮಿಷ. ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಬಾಗಿಲಿಗೆ ಬಂದರು. "ಇವತ್ತು ಅಂಗಡಿ ಇಲ್ಲ, ಹೋಗಿ ಹೋಗಿ" ಎಂದು ಅವರ ಮುಖ ಕೂಡ ನೋಡದೆ ಕಳಿಸಿದ. ಎಂದೂ ಗಿರಾಕಿಯನ್ನು ಹಾಗೆ ಅಟ್ಟಿದವನಲ್ಲ.

ಮೇಷ್ಟ್ರಿಗೆ ಫೋನು ಹಚ್ಚಿದ. ಅವರು ಯಾವುದೋ ಬಸ್ ಸ್ಟಾಪಿನಲ್ಲಿ ನಿಂತಿದ್ದರು.

"ಅಪ್‌ಗ್ರೇಡ್ ಒತ್ತಿದ್ರಾ? ಅಯ್ಯೋ ಮಹಾರಾಯ್ರೇ, ನನ್ನನ್ನ ಒಂದು ಮಾತು ಕೇಳಬಾರದಾ?"

"ತಪ್ಪಾಯ್ತು ಮೇಷ್ಟ್ರೇ. ಬೈಯೋದು ಆಮೇಲೆ ಬೈಯಿರಿ, ಈಗ ದಾರಿ ಹೇಳಿ. ಅವಳು ಬರೋ ಹೊತ್ತಾಯ್ತು."

"ಗಾಬರಿ ಬೇಡ. ಕಂಟ್ರೋಲ್, ಆಲ್ಟ್, ಎಫ್ ಮೂರು, ಮೂರೂ ಒಟ್ಟಿಗೆ ಒತ್ತಿ."

ಒತ್ತಿದ. ಚಿತ್ರವೆಲ್ಲ ಮಾಯವಾಗಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದವು. ಹೆಸರು, ಪಾಸ್‌ವರ್ಡ್ ಕೊಟ್ಟ. ಈ ಸಲ ಹೊರಗೆ ತಳ್ಳಲಿಲ್ಲ. ಅವನ ಹೆಸರಿನ ಮುಂದೆ ಕರ್ಸರು ಮಿಟುಕಿಸುತ್ತಾ ನಿಂತಿತು.

"ಒಳಗೆ ಬಿಡ್ತು ಮೇಷ್ಟ್ರೇ!"

"ಹಂಗಿದ್ರೆ ಯಂತ್ರಕ್ಕೇನೂ ಆಗಿಲ್ಲ. ಹೊಸ ಡೆಸ್ಕ್‌ಟಾಪಿಗೆ ಹಳೇ ಸೆಟ್ಟಿಂಗು ಒಗ್ತಾ ಇಲ್ಲ, ಅಷ್ಟೇ. ಹಳೇ ಸೆಟ್ಟಿಂಗಿನ ಫೋಲ್ಡರ್ ತೆಗೆದು ಹಾಕಿದ್ರೆ ಹೊಸದು ಅದೇ ಮಾಡ್ಕೊಳ್ಳುತ್ತೆ. ನಾನು ಹೇಳ್ತೀನಿ, ಹಾಗೇ ಒತ್ತಿ. ಆರ್, ಎಂ. ಜಾಗ ಬಿಡಿ. ಅಡ್ಡಗೆರೆ, ಆರ್. ಜಾಗ. ಚುಕ್ಕೆ. ಆಮೇಲೆ ಕಾನ್ಫಿಗ್."

ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಎಂಟರ್ ಕೀಲಿಯ ಮೇಲೆ ಬೆರಳು ತಡೆಯಿತು.

"ಮೇಷ್ಟ್ರೇ, ಇದು ಬದಿಗೆ ಎತ್ತಿಡೋದೋ, ಪೂರ್ತಿ ಅಳಿಸೋದೋ?"

"ಅಳಿಸೋದು. ಬದಿಗಿಡೋಕೂ ಆಗುತ್ತೆ, ಅದಕ್ಕೆ ಬೇರೆ ಸಾಲು ಹೇಳಬೇಕು. ಸೆಟ್ಟಿಂಗು ತಾನೇ, ಹೋದ್ರೆ ಹೋಗ್ಲಿ ಬಿಡಿ. ನನ್ನ ಬಸ್ ಬಂತು!"

ಹತ್ತೂ ಕಾಲು. ಹಳೆಯ ಭಾಗವನ್ನು ಎತ್ತಿಟ್ಟುಕೊಳ್ಳದೆ ಹೊಸದು ಕೂರಿಸಬಾರದು ಎಂದು ಅವನ ಕೈಗೇ ಗೊತ್ತಿತ್ತು. ಆದರೂ, ಹೆಂಡತಿ ಬಂದು ಈ ಕಪ್ಪು ಪರದೆ ನೋಡಿಬಿಟ್ಟರೆ ಎಂಬ ಒಂದೇ ಭಯಕ್ಕೆ, ಮೂವತ್ತು ವರ್ಷದ ನಿಯಮ ಮುರಿದು ಎಂಟರ್ ಒತ್ತಿದ.

ಯಂತ್ರ ಆರಿ ಹೊತ್ತಿತು. ಹೆಸರು, ಪಾಸ್‌ವರ್ಡ್. ಕಪ್ಪಾಯಿತು. ನೀಲಿ ಡೆಸ್ಕ್‌ಟಾಪು ಹೊಸ ಸುಣ್ಣ ಹೊಡೆದ ಗೋಡೆಯ ಹಾಗೆ ತೆರೆದುಕೊಂಡಿತು. ಬಿಚ್ಚಪ್ಪ ಒಬ್ಬನೇ ಕೂತು ಚಪ್ಪಾಳೆ ತಟ್ಟಿದ. ಗುಂಡಿಗಳ ಪ್ರೋಗ್ರಾಮು ತೆರೆದ. ಮುನ್ನೂರ ಹನ್ನೆರಡೂ ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಒತ್ತಿದ. ಸದ್ದಿಲ್ಲ. ಸ್ಪೀಕರಿನ ವೈರು ಅಲ್ಲಾಡಿಸಿದ. ಎರಡನೆಯದು ಒತ್ತಿದ. ಹತ್ತನೆಯದು. ಆಡಿನ ಕಥೆ. ಎಲ್ಲವೂ ಮೂಕ.

ಆಗ ನೆನಪಾಯಿತು. ಮಾತುಗಳನ್ನು ಎಲ್ಲಿ ಬಚ್ಚಿಟ್ಟಿದ್ದ? ಯಾರೂ ಕೈ ಹಾಕದ ಆ ಫೋಲ್ಡರು ಯಾವುದು? ಅವತ್ತು ಮೌಸಿನಲ್ಲಿ ಎಳೆದು ಬಿಟ್ಟಿದ್ದ, ಹೆಸರನ್ನು ಸರಿಯಾಗಿ ಓದಿಯೂ ಇರಲಿಲ್ಲ. ಮುಂದೆ ಒಂದು ಚುಕ್ಕೆ, ಆಮೇಲೆ ಕಾನ್ಫಿಗ್. ಈಗ ತಾನೇ, ಒಂದೊಂದೇ ಅಕ್ಷರ ಹುಡುಕಿ, ತನ್ನ ಕೈಯಾರೆ ಅಳಿಸಿದ್ದ.

ಡಾಕ್ಟರು ಒಮ್ಮೆ ತೆಗೆದಿದ್ದರು ಅವಳ ಮಾತನ್ನು. ಎರಡನೆಯ ಸಲ ತೆಗೆದವನು ತಾನು. ಅಯ್ಯೋ ಪಾಪಿ, ಅಯ್ಯೋ ಪಾಪಿ ಎಂದು ತನ್ನನ್ನೇ ಬೈದುಕೊಳ್ಳುತ್ತಾ ಮತ್ತೆ ಫೋನು ಒತ್ತಿದ.

"ಅಲ್ಲಿಟ್ಟಿದ್ರಾ? ಅಲ್ಲೇ ಇಟ್ಟಿದ್ರಾ?" ಬಸ್ಸಿನ ಗದ್ದಲದಲ್ಲಿ ಮೇಷ್ಟ್ರು ಕಿರುಚಿದರು. "ನನಗೇನು ಕನಸು ಬಿದ್ದಿತ್ತೇನ್ರೀ! ಅದು ಕಸದ ಬುಟ್ಟಿಗೂ ಹೋಗಲ್ಲ, ನೇರ ಹೋಯ್ತು." ಆಮೇಲೆ ದನಿ ತಗ್ಗಿಸಿದರು. "ಒಂದು ಕೆಲಸ ಮಾಡಿ. ಅಮ್ಮಾವ್ರು ಬರಲಿ. ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ."

ಇವರೂ ಕೈಬಿಟ್ಟರು ಎಂದುಕೊಂಡ ಬಿಚ್ಚಪ್ಪ. ಫೋನು ಕೆಳಗಿಡುವಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

ಟೇಲರಮ್ಮ ಖಾಲಿ ಚೀಲ ಗೂಟಕ್ಕೆ ಹಾಕಿ, ಎಂದಿನಂತೆ ನೇರವಾಗಿ ಬಂದು 'ಬಂದೆ ಕಣ್ರೀ' ಗುಂಡಿ ಒತ್ತಿದಳು. ಮನೆ ಸುಮ್ಮನಿತ್ತು. ಮತ್ತೆ ಒತ್ತಿದಳು. ಸ್ಪೀಕರಿನ ಕಡೆ ನೋಡಿದಳು, ಮೇಜಿನ ಮೇಲೆ ಸಾಲಾಗಿದ್ದ ಮುಚ್ಚಳಗಳನ್ನೂ ಸ್ಕ್ರೂಗಳನ್ನೂ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. ಬಿಚ್ಚಪ್ಪನಿಗೆ ಸುಳ್ಳು ಹೇಳುವ ಚೈತನ್ಯ ಇರಲಿಲ್ಲ. ಎಲ್ಲವನ್ನೂ ಹೇಳಿದ, ನಗು ಒಂದನ್ನು ಬಿಟ್ಟು. ಅವಳ ಮುಂದೆ ತನಗೆ ಧ್ವನಿಯಿದೆ ಎಂಬುದೇ ಅವನಿಗೆ ನಾಚಿಕೆಯೆನಿಸಿತು.

ಅವಳು ಸ್ಲೇಟಿನ ಮೇಲೆ ಒಂದೇ ಮಾತು ಬರೆದಳು: "ಎಲ್ಲಾನಾ?"

"ಎಲ್ಲಾ ಕಣೇ. ಒಂದೂ ಉಳಿದಿಲ್ಲ."

ಅವಳು ಸ್ಲೇಟು ಮೇಜಿನ ಮೇಲಿಟ್ಟಳು. ನೇರ ಒಳಕೋಣೆಗೆ ಹೋದಳು. ಹೊಲಿಗೆ ಮಿಷನ್ನಿನ ಖಾನೆ ಎಳೆದ ಸದ್ದು ಕೇಳಿಸಿತು. ಅಳಲು ಹೋಗಿದ್ದಾಳೆ, ಹಿಂದೆ ಹೋಗಲೋ ಬೇಡವೋ ಎಂದು ಅವನು ಚಡಪಡಿಸುತ್ತಿರುವಾಗಲೇ ಅವಳು ಬಾಬಿನ್ ಡಬ್ಬಿ ಹಿಡಿದು ಬಂದಳು. ದಾರದ ಉಂಡೆಗಳ ತಳದಿಂದ ಬಟ್ಟೆಚೂರಿನಲ್ಲಿ ಸುತ್ತಿದ್ದ ಏನನ್ನೋ ತೆಗೆದು ಅವನ ಅಂಗೈಯಲ್ಲಿಟ್ಟಳು. ಬಿಚ್ಚಿ ನೋಡಿದ. ಪೆನ್‌ಡ್ರೈವು.

ಅವಳು ಬಳಪ ಕಿರುಗುಟ್ಟಿಸುತ್ತಾ ಬರೆದಳು: "ಆಪರೇಷನ್ ಹಿಂದಿನ ದಿನ ಮೇಷ್ಟ್ರ ಕೈಲಿ ತುಂಬಿಸಿದ್ದು. ನಿಮಗೆ ಹೇಳಬೇಡಿ ಅಂದಿದ್ದೆ." ಬಟ್ಟೆಯಿಂದ ಒರೆಸಿ ಮತ್ತೆ ಬರೆದಳು: "ಒಂದಲ್ಲ ಒಂದು ದಿನ ನೀವು ಬಿಚ್ಚೇ ಬಿಚ್ತೀರಿ ಅಂತ ಗೊತ್ತಿತ್ತು."

ಬಿಚ್ಚಪ್ಪನಿಗೆ ಅವಳ ಕಾಲು ಹಿಡಿಯುವುದೊಂದು ಬಾಕಿ. ಹನ್ನೊಂದಕ್ಕೆ ಹದಿನೆಂಟು ನಿಮಿಷವಿತ್ತು. ಪೆನ್‌ಡ್ರೈವು ಚುಚ್ಚಿ, ಎಲ್ಲರ ಕಣ್ಣಿಗೂ ಕಾಣುವ ಜಾಗದಲ್ಲಿ ಮಾತುಗಳನ್ನು ಇಳಿಸಿ, ಗುಂಡಿಗಳಿಗೆ ಆ ವಿಳಾಸ ಹೇಳಿಕೊಟ್ಟ. ಪೆನ್‌ಡ್ರೈವನ್ನು ಮತ್ತೆ ಅದೇ ಬಟ್ಟೆಚೂರಿನಲ್ಲಿ ಸುತ್ತಿ ಅವಳ ಕೈಗೇ ಕೊಟ್ಟ. ಎಣಿಸಿದ: ಮುನ್ನೂರ ಹನ್ನೆರಡು. ಅವಳು ಕೈ ಚಾಚಿ ಒಂದು ಗುಂಡಿ ಒತ್ತಿದಳು.

"ಏನ್ ಹೊಲಸು ಮಾಡಿದ್ದೀರ್ರೀ ಮನೇನ!" ಎಂದು ಅವಳ ಧ್ವನಿ ಗುಡುಗಿತು.

ಹನ್ನೊಂದಕ್ಕೆ ಫೋನು ಬಂತು. "ಅಜ್ಜೀ, ಆಡಿನ ಕಥೆ" ಎಂದಿತು ಮರಿ. "ಚಿನ್ನಾ, ಅಜ್ಜಿ ಕಣೇ" ಎಂದಳು ಟೇಲರಮ್ಮ, ಗುಂಡಿ ಒತ್ತಿ. ಫೋನನ್ನು ಸ್ಪೀಕರಿಗೆ ಹಿಡಿದು ಕಥೆ ಹಾಕಿದಳು. ಆಡು ಗುಂಡಿ ನುಂಗುವ ಕಡೆ ಬಂದಾಗ ಅತ್ತ ಕಡೆಯಿಂದ ಮೊಮ್ಮಗಳೂ ಜೊತೆಗೆ ಹೇಳುತ್ತಿದ್ದಳು.

ಫೋನಿಟ್ಟು ತಿರುಗಿದರೆ ಗಂಡ ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಕಣ್ಣು ಒದ್ದೆಯಾಗಿತ್ತು. "ಇನ್ನೇನಾಯ್ತು ನಿಮಗೆ?" ಎಂದು ಬರೆದು ಮುಖಕ್ಕೆ ಹಿಡಿದಳು.

"ಇನ್ನೊಂದಿತ್ತು ಕಣೇ." ಅವನು ನೆಲ ನೋಡುತ್ತಾ ಹೇಳಿದ. "ನಾನು ಬಕೆಟ್ಟಲ್ಲಿ ಕೂತಾಗ ನಕ್ಕಿದ್ಯಲ್ಲ, ಅದು. ಅಳಿಸಿದೆ ಅಂತ ಸುಳ್ಳು ಹೇಳಿದ್ದೆ. ಪ್ರತಿ ಭಾನುವಾರ ನೀನು ಆಚೆ ಹೋದಾಗ ಕೇಳ್ತಿದ್ದೆ. ಅದು ನಿನ್ನ ಡಬ್ಬಿಯಲ್ಲಿಲ್ಲ. ಇವತ್ತು ನಿಜವಾಗ್ಲೂ ಅಳಿಸಿಬಿಟ್ಟೆ."

ಟೇಲರಮ್ಮ ಅವನನ್ನೇ ನೋಡುತ್ತಾ ನಿಂತಳು. ಮೊದಲು ಅವಳ ಭುಜ ಕುಲುಕಿತು. ಆಮೇಲೆ ಹೊಟ್ಟೆ ಹಿಡಿದುಕೊಂಡಳು, ಬಾಗಿದಳು, ಮೇಜಿಗೆ ಒರಗಿದಳು, ಕಣ್ಣಿಂದ ನೀರಿಳಿಯಿತು. ಬಕೆಟ್ಟಿನ ದಿನದಂತೆಯೇ ನಗುತ್ತಿದ್ದಳು. ಕುತ್ತಿಗೆಯ ಬಟ್ಟೆ ಮಾತ್ರ ಉಸಿರಿಗೆ ಪಟಪಟ ಹಾರುತ್ತಿತ್ತು. ಸದ್ದಿರಲಿಲ್ಲ.

ಕಣ್ಣೊರೆಸಿಕೊಂಡು ಸ್ಲೇಟು ಎತ್ತಿಕೊಂಡಳು. "ಸೊಳ್ಳೆ ಗುಂಡಿ ಒತ್ತಿ. ಕೊನೇ ತನಕ ಕೇಳಿ."

ದಿನವೂ ಸಂಜೆ ಎರಡೆರಡು ಸಲ ಕೇಳುವ ಮಾತು ಅದು. ಒತ್ತಿದ. "ಬಾಗಿಲು ಹಾಕ್ಕೊಳ್ಳಿ, ಸೊಳ್ಳೆ ಬರುತ್ತೆ" ಎಂದಿತು ಅವಳ ಧ್ವನಿ, ಸ್ವಲ್ಪ ಬಿಗಿಯಾಗಿ. ಎರಡು ವರ್ಷದಿಂದ ಅವನು ಅಷ್ಟಕ್ಕೇ ಬಾಗಿಲ ಕಡೆ ಎದ್ದು ಹೋಗಿಬಿಡುತ್ತಿದ್ದ. ಇವತ್ತು ಕೂತೇ ಇದ್ದ. ಒಂದು ಕ್ಷಣ ಬರೀ ಗೊರಗೊರ, ಮೈಕಿನ ದೋಷವೆಂದು ಅವನು ಎಂದೋ ಬಿಟ್ಟಿದ್ದ ಗೊರಗೊರ. ಅದರ ತುದಿಯಲ್ಲಿ, ತಡೆದು ತಡೆದು ತಡೆಯಲಾರದೆ ಮೂಗಿನಿಂದ ಬುಸ್ಸೆಂದು ಸಿಡಿದ ನಗು. ಒಂದೇ ಒಂದು ತುಣುಕು, ಅರ್ಧ ಸೆಕೆಂಡೂ ಇಲ್ಲ. ಅಲ್ಲಿಗೆ ಕತ್ತರಿಸಿ ಹೋಗಿತ್ತು.

ಬಿಚ್ಚಪ್ಪ ಮತ್ತೆ ಒತ್ತಿದ. ಮತ್ತೆ ಒತ್ತಿದ. ನಾಲ್ಕನೆಯ ಸಲಕ್ಕೆ ಟೇಲರಮ್ಮ ಅವನ ತಲೆಗೊಂದು ಮೊಟಕಿ, ಹೋಗಿ ಬಾಗಿಲು ಹಾಕಿ ಬಂದು, ಅವನ ಪಕ್ಕದಲ್ಲೇ ಕೂತಳು.